ಕೋಟೆ ಬಿಟ್ಟುಕೊಟ್ಟ ಬಿಷಪ್ಪರು

ನಾನು ಬೆಂಗಳೂರಿಗೆ ಬಂದು ಕೆಲಸಕ್ಕೆ ಸೇರಿದ ಹೊಸತು. ಒಂದು ಸಂಜೆ ನಮ್ಮ ಮ್ಯಾನೇಜರ್ ಬಾಗಿಲಲ್ಲೇ ನಿಂತು, ‘ಮೀಟಿಂಗ್ ಹ್ಯಾಸ್ ಬೀನ್ ಪುಟ್ ಆಫ್’ ಅಂತ ಹೇಳಿ ಹೋದರು. ಲೈಟ್ ಆಫ್, ಫ್ಯಾನ್ ಆಫ್, ಹಾಗೇ ಮೀಟಿಂಗೂ ಆಫ್ ಅಂದುಕೊಂಡೆ. ಬರೆಯುತ್ತಿದ್ದ ರಿಪೋರ್ಟನ್ನು ಅರ್ಧಕ್ಕೇ ನಿಲ್ಲಿಸಿ ಆರಾಮಾಗಿ ಮನೆಗೆ ಹೋದೆ. ಎರಡು ದಿನ ಬಿಟ್ಟು ಮೀಟಿಂಗ್ ನಡೆಯಿತು. ಎಲ್ಲರ ಮುಂದೆ ಬರಿಗೈಲಿ ನಿಂತವನು ನಾನೊಬ್ಬನೇ.

ಅವತ್ತು ನನಗೆ ಬೇಜಾರಾಗಿದ್ದು ಬೈಸಿಕೊಂಡಿದ್ದಕ್ಕಲ್ಲ. ಅವರು ‘ಪೋಸ್ಟ್‌ಪೋನ್’ ಅಂದಿದ್ದರೆ ನನಗೆ ತಕ್ಷಣ ಗೊತ್ತಾಗುತ್ತಿತ್ತು. ಕಷ್ಟದ ಪದ ಗೊತ್ತು, ಸುಲಭದ ಪದ ಗೊತ್ತಿಲ್ಲ! ‘ಪುಟ್’ ಐದನೇ ಕ್ಲಾಸಿನಲ್ಲಿ ಕಲಿತದ್ದು, ‘ಆಫ್’ ಸ್ವಿಚ್‌ಬೋರ್ಡಿನಲ್ಲಿ ಓದಿದ್ದು. ಎರಡೂ ಸೇರಿದ ಕೂಡಲೇ ಮೂರನೇ ಅರ್ಥ ಎಲ್ಲಿಂದ ಬಂತು? ಕನ್ನಡ ಮೀಡಿಯಮ್ಮಿನಿಂದ ಬಂದ ನನ್ನಂಥವರು ಇದಕ್ಕೆ ನಮ್ಮ ದಡ್ಡತನವೇ ಕಾರಣ ಅಂತ ನಂಬಿಬಿಡುತ್ತೇವೆ. ಆದರೆ ಇದರ ಹಿಂದೆ ಒಂದು ಉದ್ದದ ಕತೆಯಿದೆ.

ಇಂಗ್ಲಿಷಿನ ದೊಡ್ಡ ನಿಘಂಟುಕಾರ ಸ್ಯಾಮ್ಯುಯೆಲ್ ಜಾನ್ಸನ್ 1755ರಲ್ಲಿ ತನ್ನ ಡಿಕ್ಷನರಿ ಹೊರತಂದ. ಮುನ್ನುಡಿಯಲ್ಲಿ ಆತ ಈ ಜೋಡಿಪದಗಳ ಬಗ್ಗೆಯೇ ಬರೆಯುತ್ತಾನೆ. ಕ್ರಿಯಾಪದಕ್ಕೆ ಒಂದು ಪುಟ್ಟ ಪದ ಅಂಟಿಕೊಂಡು ಅರ್ಥವೇ ಬದಲಾಗುವ ಈ ರೀತಿ ಹೊರಗಿನವರಿಗೆ ಅತಿ ಹೆಚ್ಚು ಕಷ್ಟ ಕೊಡುತ್ತದೆ ಅಂತ ಅವನೇ ಒಪ್ಪಿಕೊಂಡಿದ್ದಾನೆ. ಅಂದರೆ ನಮ್ಮ ಪಾಡು ಲಂಡನ್ನಿನಲ್ಲಿ ಕೂತವನಿಗೆ ಆಗಲೇ ಗೊತ್ತಿತ್ತು.

ಇನ್ನೂ ಹಿಂದಕ್ಕೆ ಹೋಗೋಣ. ಹಳೆಯ ಇಂಗ್ಲಿಷಿನಲ್ಲಿ ಈ ಪುಟ್ಟ ಪದಗಳು ಹೆಚ್ಚಾಗಿ ಕ್ರಿಯಾಪದದ ಮುಂದೆಯೇ ಅಂಟಿಕೊಳ್ಳುತ್ತಿದ್ದವು. ಅಂಡರ್‌ಸ್ಟ್ಯಾಂಡ್, ಓವರ್‌ಕಮ್, ವಿತ್‌ಸ್ಟ್ಯಾಂಡ್ ಇವೆಲ್ಲ ಆ ಕಾಲದ ಉಳಿಕೆಗಳು. ನಿಧಾನವಾಗಿ ತಲೆಯಲ್ಲಿದ್ದದ್ದು ಬಾಲಕ್ಕೆ ಬಂತು. 9ನೇ ಶತಮಾನದಲ್ಲಿ ಇಂಗ್ಲೆಂಡಿನ ಉತ್ತರ ಮತ್ತು ಪೂರ್ವ ಭಾಗದಲ್ಲಿ ನೆಲೆಸಿದ ವೈಕಿಂಗರ ನಾರ್ಸ್ ಭಾಷೆಯಲ್ಲಿ ಹೀಗೆ ಹಿಂದೆ ಬರುವ ರೂಢಿಯಿತ್ತು, ಅದರ ಪ್ರಭಾವವೂ ಸೇರಿತು ಅನ್ನುವುದು ಕೆಲವು ವಿದ್ವಾಂಸರ ಮಾತು.

ಆ ಪ್ರದೇಶದ್ದೇ ಆದ ಪೀಟರ್‌ಬರೋ ಮಠದ ಸನ್ಯಾಸಿಗಳು ವರ್ಷವರ್ಷದ ಘಟನೆಗಳನ್ನು ಇಂಗ್ಲಿಷಿನಲ್ಲಿ ಬರೆದಿಡುತ್ತಿದ್ದರು. ಅವರ ಬರವಣಿಗೆ ನಿಂತದ್ದು 1154ರಲ್ಲಿ. ಅದರ ಕೊನೆಯ ಭಾಗದಲ್ಲಿ ರಾಜ ಸ್ಟೀಫನ್ನನ ಕತೆ ಬರುತ್ತದೆ. ಸಾಲಿಸ್‌ಬರಿಯ ಬಿಷಪ್ ರೋಜರ್, ಲಿಂಕನ್ನಿನ ಬಿಷಪ್ ಅಲೆಕ್ಸಾಂಡರ್, ಇವರ ಮೇಲೆ ರಾಜನಿಗೆ ಅನುಮಾನ. ಹಿಡಿದು ಜೈಲಿಗೆ ಹಾಕಿದ. ಅವರು ಕೋಟೆಗಳನ್ನು ಒಪ್ಪಿಸುವವರೆಗೂ ಬಿಡಲಿಲ್ಲ. ಈ ಒಪ್ಪಿಸುವುದಕ್ಕೆ ಆ ಸನ್ಯಾಸಿ ಬಳಸಿದ ಪದ ಯಾವುದು ಗೊತ್ತಾ? ನಮ್ಮ ಇವತ್ತಿನ ‘ಗಿವ್ ಅಪ್’! ಕಾಗುಣಿತ ಬೇರೆ, ಮಾತು ಅದೇ.

ಇದಕ್ಕೆ ಮೊದಲೇ, 1066ರಲ್ಲಿ, ಫ್ರೆಂಚ್ ಮಾತಾಡುವ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದಿದ್ದರು. ಅರಮನೆ, ಕೋರ್ಟು, ದಾಖಲೆ ಎಲ್ಲ ಫ್ರೆಂಚ್ ಮತ್ತು ಲ್ಯಾಟಿನ್ ಪಾಲಾದವು. ಮುಂದಿನ ಶತಮಾನಗಳಲ್ಲಿ ಸರೆಂಡರ್, ಟಾಲರೇಟ್, ಎಕ್ಸ್‌ಟಿಂಗ್ವಿಷ್, ಪೋಸ್ಟ್‌ಪೋನ್ ಥರದ ಪದಗಳು ಆ ದಾರಿಯಲ್ಲಿ ಬಂದವು. ಮನೆಮಾತಿನಲ್ಲಿ ಗಿವ್ ಅಪ್, ಪುಟ್ ಅಪ್ ವಿತ್, ಪುಟ್ ಔಟ್, ಪುಟ್ ಆಫ್ ನಡೆದವು. ಒಂದೇ ಕೆಲಸಕ್ಕೆ ಎರಡು ಪದ: ಒಂದು ಜಗಲಿಯದು, ಇನ್ನೊಂದು ಅಡುಗೆಮನೆಯದು.

ನಮಗೆ ಸಿಕ್ಕಿದ್ದು ಯಾವುದು? ಜಗಲಿಯದು. 1835ರ ಮೆಕಾಲೆ ಟಿಪ್ಪಣಿಯ ನಂತರ ಸರ್ಕಾರದ ದುಡ್ಡು ಇಂಗ್ಲಿಷ್ ವಿದ್ಯೆಯ ಕಡೆ ತಿರುಗಿತು. ಇಂಗ್ಲಿಷು ನಮ್ಮಲ್ಲಿಗೆ ಪುಸ್ತಕ, ಕಚೇರಿ, ಕೋರ್ಟಿನ ಮೂಲಕ ಬಂತೇ ಹೊರತು ಅಮ್ಮನ ಬಾಯಿಂದ ಬರಲಿಲ್ಲ. ಅದಕ್ಕೇ ಪೋಸ್ಟ್‌ಪೋನ್ ನಮಗೆ ಎಷ್ಟು ಸಲೀಸೆಂದರೆ, ಅದಕ್ಕೆ ಜೋಡಿಯಾಗಿ ‘ಪ್ರಿಪೋನ್’ ಕೂಡ ಭಾರತದಲ್ಲಿ ಚಾಲ್ತಿಗೆ ಬಂತು. ಇಂಗ್ಲೆಂಡಿನವರು ಅಲ್ಲಿ ‘ಬ್ರಿಂಗ್ ಫಾರ್ವರ್ಡ್’ ಅನ್ನುತ್ತಾರೆ. ನಾವು ಡಿಗ್ರಿ ಮುಗಿಸಿ ‘ಪಾಸ್ ಔಟ್’ ಆದೆವು ಅಂದರೆ ಅಮೆರಿಕದವರಿಗೆ ತಲೆತಿರುಗಿ ಬಿದ್ದ ಹಾಗೆ ಕೇಳಿಸುತ್ತದೆ.

ಇವಕ್ಕೆ ‘ಫ್ರೇಸಲ್ ವರ್ಬ್’ ಅನ್ನೋ ಹೆಸರು ಗಟ್ಟಿಯಾದದ್ದು ಬಹಳ ಈಚೆಗೆ. 1925ರಲ್ಲಿ ಲೋಗನ್ ಪಿಯರ್ಸಾಲ್ ಸ್ಮಿತ್ ತನ್ನ ಪುಸ್ತಕದಲ್ಲಿ ಆ ಹೆಸರು ಬಳಸಿ, ಅದನ್ನು ಸೂಚಿಸಿದವರು ಆಕ್ಸ್‌ಫರ್ಡ್ ನಿಘಂಟಿನ ಸಂಪಾದಕ ಹೆನ್ರಿ ಬ್ರಾಡ್ಲಿ ಅಂತ ಹೇಳಿದ. 1930ರಲ್ಲಿ ಸಿ. ಕೆ. ಆಗ್ಡನ್, ಜಗತ್ತಿಗೆಲ್ಲ ಸುಲಭವಾಗಲಿ ಅಂತ 850 ಪದಗಳ ‘ಬೇಸಿಕ್ ಇಂಗ್ಲಿಷ್’ ಮಾಡಿದ. ಅದರಲ್ಲಿ ಕ್ರಿಯಾಪದ ಬರೀ 18. ಆದರೆ ಆ ಲೆಕ್ಕದಲ್ಲಿ ‘ಗಿವ್’ ಒಂದು, ‘ಅಪ್’ ಒಂದು. ಎರಡೂ ಸೇರಿ ಆಗುವ ಮೂರನೆಯದನ್ನು ಕಲಿಯುವವನು ಬೇರೆಯಾಗಿಯೇ ಕಲಿಯಬೇಕಿತ್ತು.

ಕಲಿಯುವ ದಾರಿಯೂ ಇದೇ ನೋಡಿ. ಬಿಡಿಸಿ ಅರ್ಥ ಹುಡುಕಬೇಡಿ, ಇಡಿಯಾಗಿ ಒಂದು ಪದ ಅಂತ ಇಟ್ಟುಕೊಳ್ಳಿ, ವಾಕ್ಯದ ಸಮೇತ. ‘ಪುಟ್ ಆಫ್ ದ ಮೀಟಿಂಗ್’ ಸರಿ, ‘ಪುಟ್ ದ ಮೀಟಿಂಗ್ ಆಫ್’ ಕೂಡ ಸರಿ. ‘ಇಟ್’ ಬಂದರೆ ಮಾತ್ರ ನಡುವೆಯೇ ಕೂರಬೇಕು: ‘ಪುಟ್ ಇಟ್ ಆಫ್’. ‘ಲುಕ್ ಆಫ್ಟರ್’ ಹಾಗಲ್ಲ. ಅದು ಬಿಡಿಸಲಾರದ ಜೋಡಿ, ‘ಲುಕ್ ಆಫ್ಟರ್ ಹರ್’ ಅಂತಲೇ ಅನ್ನಬೇಕು.

ನಮಗೆ ಇದು ಹೊಸ ವಿದ್ಯೆಯೇನೂ ಅಲ್ಲ. ‘ಹೇಳು’ ತಗೊಳ್ಳಿ. ಹೇಳಿಕೊಡು ಅಂದರೆ ಕಲಿಸು. ಹೇಳಿಕೋ ಅಂದರೆ ಮನಸ್ಸು ಹಗುರ ಮಾಡಿಕೋ. ಹೇಳಿಬಿಡು ಅಂದರೆ ಇನ್ನು ಮುಚ್ಚಿಡಬೇಡ. ಕೈ ಕೊಟ್ಟ ಅಂದಾಗ ಅಲ್ಲಿ ಕೊಟ್ಟದ್ದು ಏನೂ ಇಲ್ಲ, ಹೋದದ್ದೇ ಎಲ್ಲ. ಕನ್ನಡ ಕಲಿಯಲು ಹೊರಟ ಹೊರಗಿನವರನ್ನು ಕೇಳಿ ನೋಡಿ, ಅವರು ಎಡವುವುದೂ ಇಲ್ಲೇ. ನಾವು ಎಡವುವುದಿಲ್ಲ, ಯಾಕೆಂದರೆ ಇವನ್ನು ನಮಗೆ ಯಾರೂ ಬಿಡಿಸಿ ಕಲಿಸಲಿಲ್ಲ.

ಆ ಬಿಷಪ್ಪರು ಕೋಟೆಗಳನ್ನು ಏನು ಮಾಡಿದರು? ಬಿಟ್ಟುಕೊಟ್ಟರು. ಅವರ ಭಾಷೆಯಲ್ಲೂ ‘ಕೊಡು’, ನಮ್ಮದರಲ್ಲೂ ‘ಕೊಡು’. ಇದು ಮೊದಲೇ ಹೊಳೆದಿದ್ದರೆ ನಾನು ಅವತ್ತು ಮ್ಯಾನೇಜರನ್ನು, ‘ಪುಟ್ ಆಫ್ ಅಂದರೆ ಏನು ಸಾರ್?’ ಅಂತ ನಾಚಿಕೆಯಿಲ್ಲದೆ ಕೇಳುತ್ತಿದ್ದೆ. ರಿಪೋರ್ಟೂ ಮುಗಿಯುತ್ತಿತ್ತು.