ಕಂಕನಾಡಿಯ ಔಷಧಾಲಯ

ಮಂಗಳೂರಿನ ಕಂಕನಾಡಿಯನ್ನು ಹಾದುಹೋಗುವಾಗ ಫಾದರ್ ಮುಲ್ಲರ್ ಆಸ್ಪತ್ರೆಯ ಎತ್ತರದ ಕಟ್ಟಡಗಳನ್ನು ನೀವು ನೋಡಿರುತ್ತೀರಿ. ಮನೆಯವರ ಕಾಯಿಲೆಯ ದಿನಗಳಲ್ಲಿ ಅಲ್ಲಿ ನಿದ್ದೆಗೆಟ್ಟವರೂ ನಿಮ್ಮಲ್ಲಿ ಇರಬಹುದು. ಅದರ ಆರಂಭವಾದರೋ ಬಹಳ ಸಣ್ಣದು.

ಜರ್ಮನಿಯಲ್ಲಿ ಹುಟ್ಟಿದ ಯೇಸುಸಭೆಯ ಗುರು ಅಗಸ್ಟಸ್ ಮುಲ್ಲರ್ 1878ರ ಕೊನೆಯಲ್ಲಿ ಮಂಗಳೂರಿಗೆ ಬಂದರು. 1880ರಲ್ಲಿ ಆರಂಭವಾದ ಸಂತ ಅಲೋಶಿಯಸ್ ಕಾಲೇಜಿನಲ್ಲಿ ಅವರು ಅಧ್ಯಾಪಕರು. ಅದೇ ವರ್ಷ ಬಡವರಿಗೆ ಹೋಮಿಯೋಪಥಿ ಔಷಧ ಕೊಡತೊಡಗಿದರು. ಆಲದ ಮರವೊಂದರ ನೆರಳಿನಲ್ಲಿ ಕುಳಿತು ಕೊಡುತ್ತಿದ್ದರೆಂದು ಹಿರಿಯರು ಹೇಳುವುದುಂಟು. ಕೊಳ್ಳಬಲ್ಲವರಿಗೆ ಔಷಧ ಮಾರಿ, ಬಂದ ಹಣದಿಂದ ಕೊಳ್ಳಲಾರದವರನ್ನು ನೋಡಿಕೊಳ್ಳುವುದು ಅವರ ಕ್ರಮವಾಗಿತ್ತು. ದಾನವನ್ನೇ ನಂಬಿ ಕೂರದ ಈ ವ್ಯವಹಾರಜ್ಞಾನ ನನಗೆ ಅವರ ಭಕ್ತಿಯಷ್ಟೇ ದೊಡ್ಡದಾಗಿ ಕಾಣುತ್ತದೆ.

1890ರಲ್ಲಿ ಅವರು ಕುಷ್ಠರೋಗಿಗಳಿಗೆ ಆಶ್ರಯಧಾಮವೊಂದನ್ನು ತೆರೆದರು. ಮನೆಯಿಂದಲೂ ಊರಿನಿಂದಲೂ ಹೊರದೂಡಲ್ಪಟ್ಟ ಜನ ಅವರು. 1902ರಲ್ಲಿ ಪ್ಲೇಗು ಹಬ್ಬಿದಾಗ ಅದಕ್ಕೂ ಪ್ರತ್ಯೇಕ ಆಸ್ಪತ್ರೆಯಾಯಿತು. 1910ರಲ್ಲಿ ಮುಲ್ಲರ್ ತೀರಿಕೊಂಡರು. ಸಂಸ್ಥೆಯನ್ನು ಇಂದು ನಡೆಸುತ್ತಿರುವುದು ಮಂಗಳೂರು ಧರ್ಮಪ್ರಾಂತ್ಯ.

ಒಂದು ಮಾತನ್ನು ಮುಚ್ಚಿಡಬಾರದು. ಅಂದಿನ ಯಾವ ಔಷಧಕ್ಕೂ ಕುಷ್ಠವನ್ನು ಗುಣಪಡಿಸುವ ಶಕ್ತಿ ಇರಲಿಲ್ಲ. ಮುಲ್ಲರರ ಗುಳಿಗೆಗಳಿಗೂ ಇರಲಿಲ್ಲ. ರೋಗಿಗಳಿಗೆ ನಿಜವಾಗಿ ದೊರೆತದ್ದು ಸೂರು, ಊಟ, ಹುಣ್ಣು ತೊಳೆಯುವ ಕೈಗಳು. ರೋಗಾಣುವನ್ನು ನಾರ್ವೆಯ ಹ್ಯಾನ್ಸನ್ 1873ರಲ್ಲೇ ಕಂಡುಹಿಡಿದಿದ್ದರೂ ಪರಿಣಾಮಕಾರಿ ಔಷಧ ಬಂದದ್ದು 1940ರ ದಶಕದಲ್ಲಿ. ವಿಶ್ವ ಆರೋಗ್ಯ ಸಂಸ್ಥೆ 1981ರಲ್ಲಿ ಬಹುಔಷಧ ಚಿಕಿತ್ಸೆಯನ್ನು ಶಿಫಾರಸು ಮಾಡಿತು. ಈಗ ಆರು ತಿಂಗಳಿಂದ ಒಂದು ವರ್ಷದೊಳಗೆ ರೋಗ ವಾಸಿಯಾಗುತ್ತದೆ. ಸರಕಾರಿ ಆಸ್ಪತ್ರೆಗಳಲ್ಲಿ ಔಷಧ ಉಚಿತ.

ಆದರೆ ಭಯಕ್ಕೆ ಗುಳಿಗೆ ಇಲ್ಲ. ಕ್ರೈಸ್ತರಿಗೆ ಅನ್ವಯಿಸುವ 1869ರ ವಿಚ್ಛೇದನ ಕಾಯಿದೆಗೆ 2001ರಲ್ಲಿ ತಿದ್ದುಪಡಿ ತಂದಾಗ, ಗುಣವಾಗದ ಕುಷ್ಠವೂ ವಿಚ್ಛೇದನ ಕೇಳಲು ಒಂದು ಕಾರಣವಾಗಿ ಸೇರಿತು. ಚಿಕಿತ್ಸೆ ಬಂದು ಇಪ್ಪತ್ತು ವರ್ಷಗಳಾದ ಮೇಲೆ! ಅದನ್ನು ತೆಗೆದುಹಾಕಿದ್ದು 2019ರಲ್ಲಿ. ಜಗತ್ತಿನ ಹೊಸ ಕುಷ್ಠರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಇಂದಿಗೂ ಭಾರತದಲ್ಲೇ ಪತ್ತೆಯಾಗುತ್ತಾರೆ. ಸ್ಪರ್ಶಜ್ಞಾನವಿಲ್ಲದ ಒಂದು ಮಾಸಲು ಮಚ್ಚೆಯನ್ನು ಅವರಲ್ಲಿ ಅನೇಕರು ಬಹುಕಾಲ ಬಟ್ಟೆಯೊಳಗೆ ಮುಚ್ಚಿಟ್ಟುಕೊಂಡಿರುತ್ತಾರೆ, ಮನೆಯವರಿಗೂ ಹೇಳದೆ.