ಒಂಟಿ ಗುಂಡಿನ ಕೋವಿ

ಆತ್ಮರಕ್ಷಣೆಗೆಂದು ಕೋವಿ ಇಟ್ಟುಕೊಂಡವನ ಬಳಿ ಎಷ್ಟು ಗುಂಡುಗಳಿದ್ದರೆ ಸಾಕು? ಇದು ಪರವಾನಗಿ ಕೊಡುವ ಕಚೇರಿಗೆ ಮಾತ್ರ ಸೇರಿದ ಪ್ರಶ್ನೆಯೆಂದು ತೋರಬಹುದು. ಆದರೆ ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡಗಳ ಸೀಮೆಗೆ ಇದು ಹಳೆಯ ಪ್ರಶ್ನೆ.

ದಂಡುಗಳು ಹಾದುಹೋಗುವ ದಾರಿಯಲ್ಲಿದ್ದ ನಾಡು ಇದು. 1678ರಲ್ಲಿ ಮಧುಗಿರಿ ಮೈಸೂರಿನ ವಶವಾಯಿತು. 1687ರಲ್ಲಿ ಸಿರಾ ಮೊಗಲರ ಸುಬಾದ ಮುಖ್ಯಸ್ಥಳವಾಯಿತು. 1757ರಲ್ಲಿ ಮರಾಠರೂ 1761ರಲ್ಲಿ ಹೈದರನೂ ಅದನ್ನು ಹಿಡಿದರು. ಒಡೆಯರು ಹೀಗೆ ಬದಲಾಗುತ್ತಿರುವಾಗ ರೈತನು ತನ್ನ ಕಣವನ್ನೂ ಮನೆಯನ್ನೂ ತಾನೇ ಕಾಯಬೇಕಾಗಿತ್ತು. ಶಾಂತಿಕಾಲದಲ್ಲಿ ಉಳುಮೆ, ಕರೆ ಬಂದಾಗ ಆಯುಧ — ಕಂದಾಚಾರದ ಆಳುಗಳ ಬಾಳು ಇದೇ.

ಆ ಕಾಲದ ಬತ್ತಿಯ ಕೋವಿಯನ್ನು ನೆನೆದುಕೊಳ್ಳಿ. ಮದ್ದನ್ನು ಅಳೆದು ನಳಿಗೆಗೆ ಸುರಿದು, ಗುಂಡನ್ನಿಟ್ಟು ಸಲಾಕೆಯಿಂದ ಜಡಿದು, ರಂಜಕ ಹಾಕಿ, ಬತ್ತಿಯ ಕೆಂಡವನ್ನು ಊದಿ ಹಾರಿಸಬೇಕು. ಒಂದು ಗುಂಡಿಗೂ ಇನ್ನೊಂದಕ್ಕೂ ನಡುವೆ ಅರ್ಧ ನಿಮಿಷವಾದರೂ ಬೇಕು. ಓಡುವ ಕುದುರೆ ಅಷ್ಟು ಕಾಯುವುದಿಲ್ಲ. ಆದ್ದರಿಂದ ಒಂಟಿಯಾಗಿ ನಿಂತವನಿಗೆ ಎರಡನೆಯ ಗುಂಡೆಂಬುದೇ ಇರಲಿಲ್ಲ. ಅದು ಪಕ್ಕದವನ ಕೋವಿಯಲ್ಲಿತ್ತು. ಆ ಬಿಡುವನ್ನು ತುಂಬುತ್ತಿದ್ದವು ಮಣ್ಣಿನ ಕೋಟೆಗೋಡೆ, ಮುಳ್ಳಿನ ಬೇಲಿ, ಕವಣೆಯ ಕಲ್ಲು. ಕೋವಿಯಿಲ್ಲದವರೂ ಆ ಕಾವಲಿನಲ್ಲಿ ಪಾಲುಗಾರರಾಗಬಹುದಿತ್ತು.

ಮದ್ದುಗುಂಡು ಹೆಚ್ಚಿದ್ದವನೇ ಗೆದ್ದನೆಂದೂ ಇಲ್ಲ. ಸಿರಾದ ಮೊಗಲ ಸುಬೇದಾರ ಕಾಸಿಂಖಾನನು 1695ರಲ್ಲಿ ದೊಡ್ಡೇರಿಯಲ್ಲಿ ಸಂತಾಜಿ ಘೋರ್ಪಡೆಯ ಮುತ್ತಿಗೆಗೆ ಸಿಕ್ಕಿದಾಗ, ಅವನ ಸೇನೆಯನ್ನು ಸೋಲಿಸಿದ್ದರಲ್ಲಿ ಹಸಿವೆಯ ಪಾಲು ದೊಡ್ಡದು. ಮಧುಗಿರಿಯ ಬೆಟ್ಟದ ಮೇಲೆ ಕಣಜಗಳನ್ನೂ ನೀರಿನ ದೊಣೆಗಳನ್ನೂ ನೋಡಿದಾಗಲೆಲ್ಲ, ಇದನ್ನು ಕಟ್ಟಿದವರು ಗುಂಡಿಗಿಂತ ಮೊದಲು ಕಾಳನ್ನು ಎಣಿಸಿದರೆಂದು ನನಗೆ ಅನ್ನಿಸಿದೆ. ಆ ಕೋಟೆಯೂ 1767ರಲ್ಲಿ ಪೇಶ್ವೆ ಮಾಧವರಾಯನಿಗೆ ಸೋತಿತು. ಹೈದರನು ಅಲ್ಲಿ ಸೆರೆಯಿಟ್ಟಿದ್ದ ಕೆಳದಿಯ ರಾಣಿ ವೀರಮ್ಮಾಜಿಗೆ ಬಿಡುಗಡೆ ದೊರೆತದ್ದು ಆಗಲೇ. ಕಾಯುವ ಕೋಟೆ ಸೆರೆಮನೆಯೂ ಆಗಬಲ್ಲದು.

ಗುಂಡಿನ ಲೆಕ್ಕ ಕಾಗದಕ್ಕೆ ಬಂದದ್ದು ಈಚೆಗೆ. ಬ್ರಿಟಿಷರ 1878ರ ಶಸ್ತ್ರ ಕಾಯಿದೆಯ ತರುವಾಯ ಸ್ವತಂತ್ರ ಭಾರತವು 1959ರಲ್ಲಿ ತನ್ನದೇ ಕಾಯಿದೆಯನ್ನು ಮಾಡಿಕೊಂಡಿತು. ಒಬ್ಬನು ಇಟ್ಟುಕೊಳ್ಳಬಹುದಾದ ಬಂದೂಕುಗಳ ಸಂಖ್ಯೆಯನ್ನು 2019ರ ತಿದ್ದುಪಡಿ ಮೂರರಿಂದ ಎರಡಕ್ಕೆ ಇಳಿಸಿತು. ಒಮ್ಮೆಗೆ ಎಷ್ಟು ತೋಟಾ ಇರಬಹುದು, ವರ್ಷಕ್ಕೆ ಎಷ್ಟು ಕೊಳ್ಳಬಹುದು ಎಂಬೆರಡು ಅಂಕಿಗಳನ್ನು ಪರವಾನಗಿಯಲ್ಲೇ ಬರೆದಿರುತ್ತಾರೆ. ಒಂಟಿ ನಳಿಗೆಯ ನಾಡಬಂದೂಕಿಗೆ ಒಂದು, ಜೋಡುನಳಿಗೆಗೆ ಎರಡು, ಸರ್ಕಾರಿ ಕಾರ್ಖಾನೆಯ .32 ರಿವಾಲ್ವರಿಗೆ ಆರು ಗುಂಡು.

ಆದರೆ ನ್ಯಾಯದ ಎಣಿಕೆ ಬೇರೆ. ರಕ್ಷಣೆಗೆ ಅಗತ್ಯವಾದದ್ದಕ್ಕಿಂತ ಹೆಚ್ಚಿನ ಹಾನಿ ಮಾಡಲಾಗದೆಂದು 1860ರ ದಂಡಸಂಹಿತೆ ಹೇಳಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 37ನೆಯ ಕಲಮೂ ಅದನ್ನೇ ಹೇಳುತ್ತದೆ. ಮೊದಲ ಗುಂಡಿನ ಸದ್ದಿಗೆ ಬೆದರಿ ಕಳ್ಳನು ಬರಿಗೈಯಲ್ಲಿ ಬೆನ್ನು ತಿರುಗಿಸಿ ಓಡಿದರೆ, ಉಳಿದ ಐದು ಗುಂಡುಗಳು ಕೋವಿಯಲ್ಲಿದ್ದರೂ ಹಕ್ಕಿನಲ್ಲಿಲ್ಲ.

ಪಾವಗಡದ ಬಯಲಿನಲ್ಲಿ, ಊರಿಂದ ದೂರದ ಹೊಲದ ಮನೆಯಲ್ಲಿ ರಾತ್ರಿ ಕಳೆಯುವ ಕುಟುಂಬದ ಭಯವನ್ನು ನಾನು ಹಗುರಾಗಿ ಕಾಣುವುದಿಲ್ಲ. ಅಂಥವರಿಗೆ ಆರನೆಯ ಗುಂಡಿಗಿಂತ ಬೇಕಾದದ್ದು, ಮೊದಲ ಕೂಗಿಗೆ ಓಡಿಬರುವ ನೆರೆ ಮತ್ತು ತಡಮಾಡದೆ ತಲುಪುವ ಪೊಲೀಸು. ಹಿಂದಿನವರು ತಮ್ಮ ಕೋವಿಯ ಬಡತನವನ್ನು ಊರಿನ ಒಗ್ಗಟ್ಟಿನಿಂದ ತುಂಬಿಕೊಂಡರು. ಆ ಒಗ್ಗಟ್ಟಿನ ಬಡತನವನ್ನು ತೋಟಾಗಳಿಂದ ತುಂಬಲಾಗದು.