ತೋಟದ ಕೊಳದ ಶಿಥಿಲ ಕಲ್ಲುಕಟ್ಟಡದ ದುರಸ್ತಿ

ಶೃಂಗೇರಿ ತಾಲ್ಲೂಕಿನ ಸಿರಿಮನೆ, ಕಿಗ್ಗಾ ಮುಂತಾದ ಅಧಿಕ ಮಳೆಯ ಪ್ರದೇಶಗಳಲ್ಲಿ ಕೊಳದ ಗೋಡೆ ಕುಸಿಯಲು ಮುಖ್ಯ ಕಾರಣವು ಹಿಂಬದಿಯ ಮಣ್ಣಿನಲ್ಲಿ ನಿಲ್ಲುವ ನೀರು. ಕೊಳವನ್ನು ಪಂಪಿನಿಂದ ಒಮ್ಮೆಲೇ ಬರಿದು ಮಾಡಿದಲ್ಲಿ ಹಸಿ ಮಣ್ಣು ಗೋಡೆಯನ್ನು ಒಳಕ್ಕೆ ದೂಡುವುದರಿಂದ, ಉಬ್ಬಿದ ಗೋಡೆಯ ಬುಡಕ್ಕೆ ಕೆಲಸಗಾರರನ್ನು ಇಳಿಸುವುದು ಪ್ರಾಣಾಪಾಯಕರ. ಬೇಸಿಗೆಯಲ್ಲಿ ನೀರನ್ನು ಹಂತಹಂತವಾಗಿ ತಗ್ಗಿಸಿ, ಸಡಿಲ ಕಲ್ಲುಗಳನ್ನು ಮೇಲಿನಿಂದ ಬಿಚ್ಚತಕ್ಕದ್ದು. ಮರಳಿ ಕಟ್ಟುವಾಗ ಹಿಂಬದಿಗೆ ಜಲ್ಲಿ ತುಂಬಿ, ನೀರು ಬಸಿಯಲು ಕಿಂಡಿ ಬಿಡತಕ್ಕದ್ದು.

ಹಳೆಯ ಸುಣ್ಣದ ಗಾರೆಯ ಸಂದುಗಳಿಗೆ ಸುಣ್ಣವೇ ಸೂಕ್ತ. ಆದರೆ ಬರಿಯ ಸುಣ್ಣ ನೀರಿನಡಿ ಗಟ್ಟಿಯಾಗದು. ಸುಟ್ಟ ಇಟ್ಟಿಗೆಯ ಪುಡಿ, ಅಂದರೆ ಸುರ್ಕಿ, ಬೆರೆಸುವುದು ಅವಶ್ಯ. ಜಂಬಿಟ್ಟಿಗೆಯ ಮೇಲೆ ಸಿಮೆಂಟು ಬಳಿಯುವುದು ನೋಟಕ್ಕಷ್ಟೇ ಭದ್ರ. ಒಳಗೆ ತೇವ ಉಳಿದು ಕಲ್ಲು ಉದುರುತ್ತದೆ. ಹಸಿ ಗಾರೆಗೆ ನೀರು ತುಂಬಿದಲ್ಲಿ ಮೀನು ಸಾಯುವ ಸಂಭವವಿದೆ.

ಸಾರ್ವಜನಿಕ ಕೊಳವಾಗಿದ್ದಲ್ಲಿ ಮೊದಲು ಗ್ರಾಮ ಪಂಚಾಯಿತಿಗೆ ಲಿಖಿತ ಅರ್ಜಿ ಸಲ್ಲಿಸುವುದು. 1961ರ ರಾಜ್ಯ ಸ್ಮಾರಕಗಳ ಅಧಿನಿಯಮದಡಿ ಸಂರಕ್ಷಿತವಾದ ಪುಷ್ಕರಿಣಿಯ ಒಂದು ಕಲ್ಲನ್ನೂ ಪುರಾತತ್ವ ಇಲಾಖೆಯ ಅನುಮತಿಯಿಲ್ಲದೆ ಕದಲಿಸತಕ್ಕದ್ದಲ್ಲ.